ಕನಸಿನ ದನ ಮೆಲುಕು ಹಾಕುವುದಿಲ್ಲ

“ಅಯ್ನೋರೆ, ಇದು ಕನಸೋ ನಿಜವೋ, ವಸಿ ನೋಡಿ ಹೇಳ್ತೀರಾ?”

ಎಮ್ಮೆದೊಡ್ಡಿ ಕಾವಲಿನ ಹುಲ್ಲುಬಯಲಲ್ಲಿ ದನ ಕಾಯುವ ಕರಿಸಿದ್ದಪ್ಪ ನನ್ನನ್ನು ಮಾತನಾಡಿಸಿದ ಮೊದಲ ಮಾತು ಇದು. ಆಗ ಎಪ್ಪತ್ತರ ದಶಕದ ಕೊನೆ. ನಾನು ಕಡೂರಿನ ಕಡೆ ಪಶು ಆಸ್ಪತ್ರೆಯಲ್ಲಿ ದನಗಳಿಗೆ ಸೂಜಿ ಮದ್ದು ಹಾಕುವ ಸ್ಟಾಕ್‌ಮ್ಯಾನ್ ಆಗಿದ್ದೆ. ಗಂಗಾಧರಯ್ಯ ಎಂಬ ಹೆಸರಿದ್ದರೂ ಹಳ್ಳಿಗಳಲ್ಲಿ ನಾನು ‘ಸೂಜಿ ಅಯ್ನೋರು’. ಮಳೆಗಾಲಕ್ಕೆ ಮುಂಚೆ ಚಪ್ಪೆರೋಗದ ಲಸಿಕೆ ಹಾಕಬೇಕೆಂದು, ಸೈಕಲ್ಲಿನ ಹಿಂದೆ ಐಸ್ ತುಂಬಿದ ಥರ್ಮಾಸ್ ಕಟ್ಟಿಕೊಂಡು ಬಿಸಿಲಲ್ಲಿ ತುಳಿದುಕೊಂಡು ಬಂದಿದ್ದೆ. ಹೊಟ್ಟೆಯಲ್ಲಿ ಹಸಿವು, ಹಿಂದಿನ ಚಕ್ರದಲ್ಲಿ ಜಾಲಿ ಮುಳ್ಳು. ಅಂಥ ಹೊತ್ತಿನಲ್ಲಿ ಇಂಥ ಪ್ರಶ್ನೆ ಕೇಳಿದರೆ ಯಾರಿಗಾದರೂ ಮೈ ಉರಿಯುತ್ತದೆ.

“ಕನಸಾಗಿದ್ರೆ ನಾನ್ಯಾಕೆ ಈ ಬಿಸಿಲಲ್ಲಿ ಬರ್ತಿದ್ದೆ ಕಣಯ್ಯ? ಮನೇಲಿ ಊಟಕ್ಕೆ ಕೂತಿರ್ತಿದ್ದೆ” ಅಂದೆ.

ಅವನು ನಗಲಿಲ್ಲ. ನೆರಳಲ್ಲಿ ಮಲಗಿದ್ದ ಒಂದು ಹಸುವಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಅದರ ಬಾಯಿಯನ್ನೇ ಸ್ವಲ್ಪ ಹೊತ್ತು ನೋಡಿದ. ಹಸು ತನ್ನ ಪಾಡಿಗೆ ಮೆಲುಕು ಹಾಕುತ್ತಿತ್ತು. “ಹೌದು, ನಿಜವೇ” ಎಂದು ತನಗೆ ತಾನೇ ಹೇಳಿಕೊಂಡು ಎದ್ದ. ಆಮೇಲೆ ಏನೂ ನಡೆದೇ ಇಲ್ಲ ಎಂಬಂತೆ ದನಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆದು ಸೂಜಿ ಹಾಕಲೆಂದು ಮರದ ಗಳು ಕಟ್ಟಿ ಮಾಡಿದ ಇಕ್ಕಟ್ಟಿನ ಓಣಿಯೊಳಗೆ ನುಗ್ಗಿಸಿದ. ಅವು ಅಮೃತಮಹಲ್ ದನಗಳು. ಬಯಲಲ್ಲೇ ಹುಟ್ಟಿ ಬಯಲಲ್ಲೇ ಬೆಳೆದು, ಗುರುತಿಲ್ಲದವನು ಹತ್ತಿರ ಬಂದರೆ ಕೊಂಬು ತಗ್ಗಿಸುವ ಜಾತಿ. ಕಾಯುವವನ ದನಿ ಒಂದನ್ನು ಬಿಟ್ಟರೆ ಅವು ದೇವರ ಮಾತನ್ನೂ ಕೇಳುವುದಿಲ್ಲ. ಇಷ್ಟು ಚೆನ್ನಾಗಿ ಕೆಲಸ ಬಲ್ಲವನಿಗೆ ತಲೆ ಮಾತ್ರ ಯಾಕೆ ಹೀಗೆ ಎಂದು ನನಗೆ ಅಯ್ಯೋ ಅನ್ನಿಸಿತು.

ತಲೆ ನೆಟ್ಟಗೇ ಇತ್ತು. ಕಾರಣ ಬೇರೆ ಇತ್ತು. ಅದು ನನಗೆ ಚೂರುಚೂರಾಗಿ, ಎರಡು ಮೂರು ಲಸಿಕೆಗಾಲಗಳಲ್ಲಿ ತಿಳಿಯಿತು.

ಕರಿಸಿದ್ದಪ್ಪನ ಅಪ್ಪನೂ ಇದೇ ಕಾವಲಿನಲ್ಲಿ ದನ ಕಾದವನು. ಮಗ ಹುಡುಗನಾಗಿದ್ದಾಗ, ಒಂದು ಮಟಮಟ ಮಧ್ಯಾಹ್ನ, ಅಪ್ಪ ದನಗಳನ್ನು ಕಟ್ಟೆಯ ನೀರಿಗೆ ಹೊಡೆದುಕೊಂಡು ಹೋಗಿದ್ದ. ಈಗಷ್ಟೇ ಹುಟ್ಟಿದ ಒಂದು ಹೆಣ್ಣುಗರುವನ್ನು ಮಗನ ಕಾವಲಲ್ಲಿ ಬಿಟ್ಟಿದ್ದ. ತೋಳ ಬಂತು. ಹುಡುಗನ ಕೈಯಲ್ಲಿ ಕೋಲಿತ್ತು. ಅವನಿಗೂ ತೋಳಕ್ಕೂ ನಡುವೆ ಒಂದು ಕಾರೆ ಪೊದೆ ಬಿಟ್ಟರೆ ಏನೂ ಇರಲಿಲ್ಲ. ಆದರೂ ಕೈ ಮೇಲೇಳಲಿಲ್ಲ. ಕರು ಕೂಗಿದ್ದನ್ನೂ, ಎಳೆದುಕೊಂಡು ಹೋದದ್ದನ್ನೂ ನಿಂತಲ್ಲೇ ನಿಂತು ನೋಡಿದ. ಅಪ್ಪ ವಾಪಸು ಬಂದವನು ಬೈಯಲಿಲ್ಲ, ಹೊಡೆಯಲೂ ಇಲ್ಲ. ನೆಲದ ರಕ್ತದ ಮೇಲೆ ಕಾಲಲ್ಲಿ ಮಣ್ಣೆಳೆದು, ಮಗನ ಕೈಯಿಂದ ಕೋಲು ತೆಗೆದುಕೊಂಡು ಮುಂದೆ ನಡೆದ. ನಾಲ್ಕು ಬಾರಿಸಿದ್ದರೆ ಅಲ್ಲಿಗೇ ತೀರುತ್ತಿತ್ತೋ ಏನೋ. ಕೆಲವು ಸಲ ದೊಡ್ಡವರ ಒಳ್ಳೆಯತನವೂ ಮಕ್ಕಳಿಗೆ ಭಾರವಾಗುತ್ತದೆ.

ಅಂದಿನಿಂದ ತೋಳ ಕನಸಿಗೆ ಬರತೊಡಗಿತು. ಕನಸಿನಲ್ಲಿ ಮಾತ್ರ ಕರಿಸಿದ್ದಪ್ಪನ ಕೈ ಏಳುತ್ತಿತ್ತು. ಹೊಡೆದದ್ದೇ ಹೊಡೆದದ್ದು. ಒಬ್ಬನೇ ಮಲಗುತ್ತಿದ್ದಷ್ಟು ಕಾಲ ಅದರಿಂದ ಯಾರಿಗೂ ತೊಂದರೆಯಿರಲಿಲ್ಲ. ಗೋಡೆಯ ಮಣ್ಣು ಉದುರಿದರೆ ಯಾರು ಕೇಳುತ್ತಾರೆ? ಆಮೇಲೆ ಅಜ್ಜಂಪುರದ ಕೆಂಚಮ್ಮನನ್ನು ಮದುವೆಯಾದ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಅನ್ನುತ್ತಾರೆ. ಇವನಿಗೆ ಮದುವೆಯೂ ಆಯಿತು, ಹುಚ್ಚೂ ಉಳಿಯಿತು. ತೋಳಕ್ಕೆ ಬೀಳಬೇಕಾದ ಏಟು ಕೆಂಚಮ್ಮನ ಭುಜಕ್ಕೆ ಬೀಳುತ್ತಿತ್ತು. ಬೆಳಗೆದ್ದು ಹೆಂಡತಿಯ ಒಡೆದ ಬಳೆ ಕಂಡು ಇವನು ಅಳುತ್ತಿದ್ದ. ಅವಳು, “ಬಳೆಗಾರನ ಪುಣ್ಯ, ಬಿಡು” ಎಂದು ನಗುತ್ತಿದ್ದಳು. ಎಚ್ಚರದಲ್ಲಿ ಇರುವೆಯನ್ನೂ ತುಳಿಯದ ಗಂಡ ಅವನು, ಅದು ಅವಳಿಗೆ ಗೊತ್ತಿತ್ತು.

ಮಗು ಹುಟ್ಟಿದ ಮೇಲೆ ಅವಳ ನಗು ನಿಂತಿತು. ಕರಿಸಿದ್ದಪ್ಪ ಹೊರಗೆ ಜಗಲಿಯಲ್ಲಿ ಮಲಗಿ ನೋಡಿದ. ಕನಸಿನಲ್ಲೇ ಎದ್ದು, ಕೋಲು ಹಿಡಿದು, ಕಣ್ಣು ಬಿಟ್ಟುಕೊಂಡೇ ಒಳಗೆ ಬಂದ. ಕಾಲಿಗೆ ದನದ ಹಗ್ಗ ಹಾಕಿ ಕಂಬಕ್ಕೆ ಕಟ್ಟಿಕೊಂಡ. ಹುಟ್ಟಿದಾಗಿನಿಂದ ಗಂಟು ಹಾಕಿ ಗಂಟು ಬಿಚ್ಚಿದ ಕೈ, ನಿದ್ದೆಯಲ್ಲೇ ಅದನ್ನೂ ಬಿಚ್ಚಿತು. ಕೊನೆಗೆ ಒಂದು ಸಲ ಏಟು ತೊಟ್ಟಿಲಿನ ಹಗ್ಗಕ್ಕೆ ಬಿತ್ತು. ತೊಟ್ಟಿಲು ಗಿರ್ರನೆ ತಿರುಗಿತು. ಮಗುವಿಗೆ ಏನೂ ಆಗಲಿಲ್ಲ. ಬೆಳಗಾದ ಮೇಲೆ ಕೆಂಚಮ್ಮ ಮಗುವನ್ನು ಎತ್ತಿಕೊಂಡು ತವರಿಗೆ ಹೊರಟುನಿಂತಳು.

“ನಿನ್ ಮ್ಯಾಲೆ ನಂಗೆ ಸಿಟ್ಟಿಲ್ಲ” ಎಂದಳಂತೆ. “ಆದ್ರೆ ಎತ್ತಿದ ಕೈ ನಿದ್ದೇಲೇ ತಾನಾಗಿ ಇಳೀಬೇಕು. ಅದನ್ನ ನಾನು ಕಣ್ಣಾರೆ ನೋಡ್ಬೇಕು. ಅಲ್ಲೀಗಂಟ ನಾನು ಬರಾಕಿಲ್ಲ.”

ಅವನು ಸುಮ್ಮನೆ ಕೂರಲಿಲ್ಲ. ತಾಯಿತ ಕಟ್ಟಿಸಿಕೊಂಡ. ದಿಂಬಿನ ಕೆಳಗೆ ಕುಡುಗೋಲು ಇಟ್ಟುಕೊಂಡ. ಕೋಲಿನ ಬದಲು ಅದೇ ಕೈಗೆ ಸಿಕ್ಕಿದ್ದರೆ? ತರೀಕೆರೆಯಲ್ಲಿ ಒಬ್ಬ ಡಾಕ್ಟರು ನಿದ್ದೆ ಮಾತ್ರೆ ಕೊಟ್ಟರು. “ನಿದ್ದೆ ದೊಡ್ಡದಾಯ್ತು ಅಯ್ನೋರೆ, ಅದರ ಜೊತೆಗೆ ತೋಳನೂ ದೊಡ್ಡದಾಯ್ತು” ಎಂದು ಅದನ್ನೂ ಬಿಟ್ಟ.

ದಾರಿ ಸಿಕ್ಕಿದ್ದು ತೀರಾ ಆಕಸ್ಮಿಕವಾಗಿ. ಒಂದು ದಿನ ಕನಸಿನಲ್ಲಿ ತೋಳದ ಕಡೆ ಓಡುವಾಗ, ಮಲಗಿದ್ದ ದನಗಳ ಮೇಲೆ ಕಣ್ಣು ಬಿತ್ತು. ಒಂದರ ಬಾಯಿಯೂ ಆಡುತ್ತಿರಲಿಲ್ಲ. ಅಷ್ಟೂ ದನ ಗುಡಿಯ ಕಲ್ಲುಬಸವಣ್ಣನ ಹಾಗೆ ಬಾಯಿ ಮುಚ್ಚಿ ಕೂತಿದ್ದವು. ಮಧ್ಯಾಹ್ನದ ಹೊತ್ತು ನೆರಳಲ್ಲಿ ಮಲಗಿದ ದನ ಮೆಲುಕು ಹಾಕದೆ ಇರುತ್ತದೆಯೇ? ಇದೇನೋ ಸರಿಯಿಲ್ಲವಲ್ಲ ಎಂದು ಅನ್ನಿಸಿದ್ದೇ ತಡ, ಎಚ್ಚರವಾಗಿಬಿಟ್ಟಿತು.

ಇದನ್ನು ಅವನು ಓಡಿಹೋಗಿ ಹೇಳಿದ್ದು ಅಜ್ಜಂಪುರದ ಅತ್ತೆ ದುರ್ಗಮ್ಮನಿಗೆ. ಆ ಮುದುಕಿ ಈರುಳ್ಳಿ ಮಂಡಿಯಲ್ಲಿ ಕೂಲಿ ಮಾಡುತ್ತಿದ್ದವಳು, ಕೊಳೆತದ್ದು ಒಂದು ಕಡೆ ಒಳ್ಳೆಯದು ಒಂದು ಕಡೆ ಆರಿಸುವುದೇ ಅವಳ ಕೆಲಸ. ಅಳಿಯ ಬಂದರೆ ಮೊದಲು ಬಾಗಿಲಲ್ಲೇ ಅವನ ಕೋಲು ಇಸಿದುಕೊಂಡು ಮನೆಯಲ್ಲಿದ್ದ ಈರುಳ್ಳಿ ಮೂಟೆಗಳ ಹಿಂದೆ ಬಚ್ಚಿಡುತ್ತಿದ್ದಳು, ಆಮೇಲೆ ನೀರು ಕೊಡುತ್ತಿದ್ದಳು.

“ನಾನು ಹಗಲೆಲ್ಲ ಈರುಳ್ಳಿ ಆರಿಸ್ತೀನಲ್ಲಪ್ಪ, ಕನಸಲ್ಲೂ ಅದನ್ನೇ ಆರಿಸ್ತಿರ್ತೀನಿ. ಕೈಗೆ ರೂಢಿ ಬಿದ್ದಿದ್ದು ಕನಸಿಗೂ ಬತ್ತದೆ” ಎಂದಳು ದುರ್ಗಮ್ಮ. “ನೀನು ಹಗಲಲ್ಲೇ ದನದ ಬಾಯಿ ನೋಡಿ ಕೇಳ್ಕೊಂತಾ ಇರು, ಇದು ಕನಸಾ ನಿಜವಾ ಅಂತ. ನಗೋರು ನಗ್ಲಿ. ಒಂದಲ್ಲ ಒಂದು ದಿನ ಅಲ್ಲೂ ಕೇಳ್ಕೊಂತೀಯ.”

ನಾನು ಕಂಡ ಹುಚ್ಚಾಟ ಇದೇ. ಆ ಹೊತ್ತಿಗಾಗಲೇ ಚೌಳಹಿರಿಯೂರಿನ ಕಡೆಯ ಪಡ್ಡೆಗಳೆಲ್ಲ ಅವನನ್ನು ಕಂಡರೆ, “ಸಿದ್ದಣ್ಣ, ನಾನು ನಿಜವೇನಣ್ಣ? ಚಿವುಟಿ ನೋಡು!” ಎಂದು ಕೈ ಚಾಚುತ್ತಿದ್ದರು. ಅವನು ನಿಜವಾಗಿಯೂ ಚಿವುಟುತ್ತಿದ್ದ, ಅದೂ ಗಟ್ಟಿಯಾಗಿ.

ಮುದುಕಿಯ ಮಾತು ಸುಳ್ಳಾಗಲಿಲ್ಲ. ಆ ವರ್ಷದ ಮಳೆ ಮುಗಿಯುವಷ್ಟರಲ್ಲಿ ಕನಸಿನೊಳಗೂ ಪ್ರಶ್ನೆ ಬಂತು. ದನದ ಬಾಯಿ ನೋಡಿದ, ಆಡುತ್ತಿರಲಿಲ್ಲ. “ಕನಸು!” ಅಂದುಕೊಂಡ. ಖುಷಿಗೇ ಎಚ್ಚರವಾಯಿತು. ಮತ್ತೊಂದು ಸಲ ಎಚ್ಚರವಾಗದೆ ಅಲ್ಲೇ ನಿಂತ, ಆದರೆ ಅಷ್ಟರಲ್ಲಿ ಕೋಲು ಬೀಸಿಯಾಗಿತ್ತು. ಕನಸೆಂದು ಗೊತ್ತಾಗುವುದು ಬೇರೆ, ಗೊತ್ತಾದ ಮೇಲೆ ಕೈಯನ್ನು ಹಿಡಿಯುವುದು ಬೇರೆ. ಹಾಗಾಗಿ ಹಗಲಿನ ಅಭ್ಯಾಸಕ್ಕೆ ಇನ್ನೊಂದು ಸೇರಿಸಿಕೊಂಡ: ಇದು ಕನಸಾಗಿದ್ದರೆ ಮೊದಲು ಕೋಲು ನೆಲಕ್ಕೆ ಹಾಕಬೇಕು, ಆಮೇಲೆ ಉಳಿದದ್ದು. ದಿನವೂ ಕೋಲು ಹಾಕುವುದು, ಎತ್ತುವುದು. ನನಗೂ ಅವನ ಮೇಲೆ ಅಕ್ಕರೆ ಹುಟ್ಟಿತ್ತು. ಇಷ್ಟು ಹಟ ಹಿಡಿದು ಒಂದು ಕೆಲಸ ಮಾಡುವವರನ್ನು ನಾನು ಆಫೀಸಿನಲ್ಲಿ ಕಂಡವನಲ್ಲ.

ತಾನೊಂದು ಬಗೆದರೆ ದೈವವೊಂದು ಬಗೆಯಿತು ಅನ್ನುವುದು ಇಂಥದಕ್ಕೇ. ಮುಂದಿನ ಬೇಸಿಗೆಯಲ್ಲಿ ನಾನು ಮತ್ತೆ ಲಸಿಕೆಗೆ ಹೋದೆ. ಕೆಲಸ ಮುಗಿದು, ಇಬ್ಬರೂ ಜಾಲಿ ಮರದ ಕೆಳಗೆ ಕೂತಿದ್ದೆವು. ದನಗಳು ಅಷ್ಟು ದೂರದಲ್ಲಿ ಮಲಗಿದ್ದವು. ಎಲೆ ಅಡಿಕೆ ಹಾಕಿಕೊಂಡು ನನಗೆ ತೂಕಡಿಕೆ ಬರುತ್ತಿತ್ತು. ಇದ್ದಕ್ಕಿದ್ದ ಹಾಗೆ ಏನೋ ಬದಲಾದಂತೆ ಅನ್ನಿಸಿ ಕಣ್ಣು ಬಿಟ್ಟೆ. ಅಷ್ಟೂ ದನ ಮೆಲುಕು ನಿಲ್ಲಿಸಿ, ಕಿವಿ ನಿಮಿರಿಸಿ ಒಂದೇ ಕಡೆ ನೋಡುತ್ತಿದ್ದವು. ಆ ಕಡೆಗೆ ತಿರುಗಿದರೆ, ಹುಲ್ಲಿನ ಬಣ್ಣದ ತೋಳ, ಗುಂಪಿನ ಅಂಚಿನಲ್ಲಿ ಮಲಗಿದ್ದ ಒಂದು ಎಳೆಗರುವಿನತ್ತ ಬಗ್ಗಿ ಬಗ್ಗಿ ಬರುತ್ತಿತ್ತು.

“ತೋಳ! ಲೇ ಸಿದ್ದಪ್ಪ, ತೋಳ ಕಣೋ!” ಎಂದು ಕಿರುಚಿದೆ.

ಅವನು ಎದ್ದು ನಿಂತಿದ್ದ. ದನಗಳ ಬಾಯಿಗಳನ್ನು ನೋಡಿದ. ಮುಖದಲ್ಲಿ ಒಂದು ಸಮಾಧಾನ ಬಂತು. ನಿಧಾನವಾಗಿ ಬಗ್ಗಿ, ಕೈಯಲ್ಲಿದ್ದ ಕೋಲನ್ನು ನೆಲದ ಮೇಲೆ ಇಟ್ಟ.

“ಗೊತ್ತು ಅಯ್ನೋರೆ” ಎಂದ. “ನೀವೂ ಬಂದ್ಬಿಟ್ರಾ ಕನಸಿಗೆ? ಕೂತ್ಕೊಳ್ಳಿ, ಏನೂ ಮಾಡಲ್ಲ ಅದು.”

ಈಗ ಹೇಳಿಕೊಂಡು ನಗಬಹುದು. ಆಗ ನಗು ಬರಲಿಲ್ಲ. ನಾನು ಕಲ್ಲು ಹುಡುಕುವಷ್ಟರಲ್ಲಿ ತೋಳ ಕರುವಿನ ತೊಡೆಗೆ ಬಾಯಿ ಹಾಕಿತು. ಕರುವಿನ ಕೂಗು ಕೇಳಿತು ನೋಡಿ, ಆಗ ಕರಿಸಿದ್ದಪ್ಪನ ಮುಖ ಬಿಳಿಚಿಕೊಂಡಿತು. ಆ ಕೂಗು ಅವನ ಕನಸಿನದಾಗಿರಲಿಲ್ಲ. ಅಷ್ಟರಲ್ಲಿ ಕರುವಿನ ತಾಯಿ, ಅದರ ಹಿಂದೆ ಉಳಿದ ಹಸುಗಳು, ಕೊಂಬು ತಗ್ಗಿಸಿ ದೂಳೆಬ್ಬಿಸಿಕೊಂಡು ನುಗ್ಗಿದವು. ತೋಳ ಕರು ಬಿಟ್ಟು ಓಟ ಕಿತ್ತಿತು. ಮನುಷ್ಯ ಕೋಲು ಕೆಳಗಿಟ್ಟ ಕಡೆ ದನಗಳು ತಮ್ಮ ಕೆಲಸ ತಾವು ಮಾಡಿಕೊಂಡವು.

ತಾಯಿಯನ್ನು ಅವನು ಸಮಾಧಾನ ಮಾಡಿ ಅತ್ತ ಕರೆದೊಯ್ದ ಮೇಲೆ ನಾನು ಗಾಯ ತೊಳೆದು, ಟಿಂಚರ್ ಹಚ್ಚಿ, ಹೊಲಿಗೆ ಹಾಕಿದೆ. ಅವನು ವಾಪಸು ಬಂದು ಕರುವಿನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ. 

“ಎರಡನೇ ಸಲ ಅಯ್ನೋರೆ. ಕೈಲಿ ಕೋಲಿತ್ತು. ಎರಡನೇ ಸಲನೂ ಹೊಡೀಲಿಲ್ಲ ನಾನು” ಎಂದ.

“ತೋಳ ಬಂದ್ರೆ ಯಾವ ದನ ತಾನೇ ಮೆಲುಕು ಹಾಕ್ತದೆ? ಅದು ನಿಂಗೂ ಹೊಳೀಲಿಲ್ಲ, ನಂಗೂ ಹೊಳೀಲಿಲ್ಲ” ಎಂದೆ. “ಮೆಲುಕು ಹಾಕ್ತಿದ್ರೆ ನಿಜ. ಹಾಕ್ದಿದ್ರೆ ಕನಸೇ ಅಂತ ಏನಿಲ್ಲ. ಅಷ್ಟು ತಿಳ್ಕೊ.”

ಅವನು ಹೂಂ ಎಂದು ತಲೆಯಾಡಿಸಿದ, ಆದರೆ ಅವನೊಳಗೆ ಏನೋ ಮುರಿದಿತ್ತು. ಗುರುತು ಹುಡುಕುವುದನ್ನೇ ಬಿಟ್ಟ. ಕನಸು ಮೊದಲಿನಂತೆ ಬರತೊಡಗಿತು, ಕೈ ಮೊದಲಿನಂತೆ ಬೀಸತೊಡಗಿತು. ಅಜ್ಜಂಪುರಕ್ಕೆ ಹೋಗುವುದೂ ಕಡಿಮೆಯಾಯಿತು. ಮಗಳು ನಡೆಯುವುದನ್ನು ಕಲಿತು, ಮಾತನಾಡುವುದನ್ನು ಕಲಿತಳು. ಅದೆಲ್ಲ ಅವನಿಗೆ ಬೇರೆಯವರ ಬಾಯಿಂದ ತಿಳಿಯುತ್ತಿತ್ತು. ಅದನ್ನು ಹೇಳುವಾಗ ಅವನ ದನಿ ನನಗೆ ಕೇಳಲಾಗುತ್ತಿರಲಿಲ್ಲ.

ಗಾಯಗೊಂಡ ಕರುವನ್ನು ಮಾತ್ರ ಮಗುವಿನಂತೆ ಸಾಕಿದ. ಬೇವಿನ ಸೊಪ್ಪಿನ ನೀರಲ್ಲಿ ಗಾಯ ತೊಳೆದು, ಎತ್ತಿಕೊಂಡು ಹೋಗಿ ತಾಯಿಯ ಮೊಲೆಗೆ ಹಿಡಿದ. ಅದು ಬದುಕಿತು, ನಡಿಗೆಯಲ್ಲಿ ಸ್ವಲ್ಪ ಕುಂಟು ಉಳಿಯಿತು, ಅಷ್ಟೆ. ಅಮೃತಮಹಲ್ ಕರು ಹುಟ್ಟುವಾಗ ಕೆಂದು ಬಣ್ಣ, ಬೆಳೆಯುತ್ತಾ ಬೂದು ಬಣ್ಣಕ್ಕೆ ತಿರುಗುತ್ತದೆ. ಒಂದು ಬೆಳಿಗ್ಗೆ ಅದರ ಮೈ ಉಜ್ಜುತ್ತಿದ್ದಾಗ, ಕೆಂಪೆಲ್ಲ ಹೋಗಿ ಬೂದು ಬಂದಿರುವುದು ಅವನ ಕಣ್ಣಿಗೆ ಬಿತ್ತು. ಉಜ್ಜುತ್ತಿದ್ದ ಕೈ ನಿಂತಿತು.

ಅವನು ನನ್ನನ್ನು ಹುಡುಕಿಕೊಂಡು ಬಂದಾಗ ನಾನು ಕಡೂರಿನ ಬಸ್‌ಸ್ಟ್ಯಾಂಡಿನಲ್ಲಿ ಕಾಫಿ ಕುಡಿಯುತ್ತಿದ್ದೆ. ಅಷ್ಟು ದೂರ ಅವನು ಇದನ್ನು ಹೇಳಲೆಂದೇ ಬಂದಿದ್ದ.

“ಅಯ್ನೋರೆ, ಇಷ್ಟು ವರ್ಷ ನಾನು ತೋಳನ್ನೇ ನೋಡ್ತಿದ್ದೆ. ದನದ ಬಾಯಿ ನೋಡ್ದೆ. ಕರು ಮಕ ಒಂದು ದಿನಾನೂ ನೋಡ್ಲಿಲ್ಲ. ಕನಸಿನ ಕರು ಇನ್ನೂ ಕೆಂದುಗರುನೇ! ನಾನು ಮೀಸೆ ಬಂದು ಮಗಳಪ್ಪ ಆದೆ, ಅದು ಮಾತ್ರ ಬೆಳೆದೇ ಇಲ್ಲ. ಬದುಕಿದ್ದಿದ್ರೆ ಇಷ್ಟೊತ್ತಿಗೆ ಮೊಮ್ಮಕ್ಕಳ ಕಂಡು, ಮುದಿಯಾಗಿ ಸತ್ತಿರೋದು.”

ಹೇಳುತ್ತಾ ಹೇಳುತ್ತಾ ಹೋಟೆಲಿನ ಬೆಂಚಿನ ಮೇಲೆ ಕೂತು ಅತ್ತುಬಿಟ್ಟ. ನನಗೂ ಕಣ್ಣು ತುಂಬಿತು. ಹೋಟೆಲಿನವನು ಯಾರೋ ತೀರಿಕೊಂಡರೇನೋ ಎಂದು ನೀರು ತಂದಿಟ್ಟ. ಒಂದು ಲೆಕ್ಕಕ್ಕೆ ಅದು ನಿಜವೂ ಆಗಿತ್ತು.

ಮತ್ತೆ ಅಭ್ಯಾಸ ಶುರುವಾಯಿತು. ಈ ಸಲ ದನದ ಬಾಯಿಯನ್ನಲ್ಲ, ಎದುರಿಗೆ ಬಂದ ಪ್ರತಿ ಕರುವನ್ನೂ ನಿಂತು ನೋಡುವುದು: ನೀನು ಯಾರ ಮಗಳು, ನಿನ್ನೆಗಿಂತ ಎಷ್ಟು ಬೆಳೆದೆ? ಬೆಳೆದಿದ್ದರೆ ಇದು ನಿಜ. ಕಾವಲಿಗೆ ಹೋದಾಗಲೆಲ್ಲ ನನಗೂ ಒಂದೊಂದು ಕರು ತೋರಿಸಿ, “ನೋಡಿ, ಹೋದ್ ಸಲಕ್ಕಿಂತ ಉದ್ದ ಆಗೈತೆ ಅಲ್ವಾ?” ಎಂದು ಒಪ್ಪಿಸುತ್ತಿದ್ದ.

ಮಗಳಿಗೆ ಜವಳ ತೆಗೆಸುವ ಶಾಸ್ತ್ರ ಅಜ್ಜಂಪುರದಲ್ಲಿ ಇಟ್ಟುಕೊಂಡರು. ತಲೆಗೂದಲು ತೆಗೆಸುವಾಗ ಅಪ್ಪ ಇಲ್ಲದಿದ್ದರೆ ಹೇಗೆ? ನನ್ನನ್ನೂ ಕರೆದರು. ಇಬ್ಬರೂ ಕಡೂರಿನಲ್ಲಿ ರೈಲು ಹತ್ತಿದೆವು. ಬಾಗಿಲಲ್ಲೇ ದುರ್ಗಮ್ಮ ವಾಡಿಕೆಯಂತೆ ಕೋಲು ಇಸಿದುಕೊಂಡು ಮೂಟೆಗಳ ಹಿಂದೆ ಇಟ್ಟಳು. ಶಾಸ್ತ್ರ ಮುಗಿಯಿತು, ಬೋಳುತಲೆಗೆ ಗಂಧ ಹಚ್ಚಿದರು, ಎಲ್ಲರೂ ಹೋಳಿಗೆ ಉಂಡರು. ನನಗೆ, ಅವರ ಮನೆಯಲ್ಲಿ ಬೇಯಿಸಿದ್ದನ್ನು ಉಣ್ಣದ ಅಯ್ಯನವರೆಂದು, ಬಾಳೆಹಣ್ಣು, ಹಾಲು ಕೊಟ್ಟು ಜಗಲಿಯಲ್ಲಿ ಕೂರಿಸಿದರು. ಹೋಳಿಗೆಯ ವಾಸನೆ ಕುಡಿಯುತ್ತಾ ಹಾಲು ಕುಡಿಯುವ ಕಷ್ಟ ನನ್ನ ಶತ್ರುವಿಗೂ ಬೇಡ.

ನೆಂಟರು ಹೋದ ಮೇಲೆ ಕರಿಸಿದ್ದಪ್ಪ ನಡುಮನೆಯ ಚಾಪೆಯ ಮೇಲೆ ಸುಮ್ಮನೆ ಒರಗಿದವನು, ಊಟದ ಭಾರಕ್ಕೆ ನಿದ್ದೆಹೋದ. ಎದುರು ಗೋಡೆಗೆ ಒರಗಿ ಕೆಂಚಮ್ಮ ಕೂತಿದ್ದಳು. ಮಗು ತೊಡೆಯಿಂದ ಇಳಿದು ಅಪ್ಪನ ಕಡೆ ಹೋಗಲು ಒದ್ದಾಡುತ್ತಿತ್ತು, ಅವಳು ಬಿಡಲಿಲ್ಲ. ಬಾಗಿಲು ತೆರೆದಿತ್ತು, ಜಗಲಿಯಿಂದ ನನಗೆ ಎಲ್ಲ ಕಾಣುತ್ತಿತ್ತು.

ಸ್ವಲ್ಪ ಹೊತ್ತಿಗೆ ಅವನ ಉಸಿರು ಬದಲಾಯಿತು. ಬಲಗೈ ಮುಷ್ಟಿಯಾಯಿತು, ಇಲ್ಲದ ಕೋಲನ್ನು ಹಿಡಿದುಕೊಂಡ ಹಾಗೆ. ಕೈ ಮೇಲೆದ್ದಿತು. ದುರ್ಗಮ್ಮ “ಲೇ ಕೆಂಚಿ, ಈಚೆ ಬಾರೇ” ಎಂದು ಪಿಸುಗುಟ್ಟಿದಳು. ಕೆಂಚಮ್ಮ ಮಗುವನ್ನು ಎದೆಗೆ ಅವುಚಿಕೊಂಡಳೇ ಹೊರತು ಅಲುಗಲಿಲ್ಲ. ಗಂಡನ ಕೈಯನ್ನೇ ನೋಡುತ್ತಿದ್ದಳು. ಕೈ ಮೇಲೆಯೇ ನಿಂತಿತ್ತು. ಮೈಯೆಲ್ಲ ಬೆವರುತ್ತಿತ್ತು.

ಆಮೇಲೆ ಅವನ ತುಟಿ ಅಲುಗಿತು. “ಬೆಳ್ದೇ ಇಲ್ವಲ್ಲ... ನೀನು ಬೆಳ್ದೇ ಇಲ್ವಲ್ಲವ್ವ” ಎಂದ.

ಮುಷ್ಟಿ ಬಿಚ್ಚಿತು. ಎತ್ತಿದ ಕೈ ಮೆಲ್ಲಗೆ, ತಾನಾಗಿ, ಕೆಳಗಿಳಿಯಿತು. ಎರಡೂ ತೋಳು ಏನನ್ನೋ ಬಾಚಿ ಎತ್ತಿಕೊಂಡು ಎದೆಗೆ ಸೇರಿಸಿಕೊಂಡವು. ಮುಚ್ಚಿದ ಕಣ್ಣಿನಿಂದ ನೀರು ಕಿವಿಯ ಕಡೆಗೆ ಹರಿಯಿತು. ಆಮೇಲೆ ಗೊರಕೆ ಶುರುವಾಯಿತು. ಅಷ್ಟು ನೆಮ್ಮದಿಯ ಗೊರಕೆಯನ್ನು ನಾನು ಕೇಳಿಲ್ಲ.

ಸಂಜೆ ಎದ್ದು ಮುಖ ತೊಳೆದು ಜಗಲಿಗೆ ಬಂದ. ಕಂಡದ್ದನ್ನು ಯಾರೂ ಅವನಿಗೆ ಹೇಳಿರಲಿಲ್ಲ. ಅವನೇ ಹೇಳಿದ: “ಇವತ್ತು ಕರು ಎತ್ಕೊಂಡೆ ಅಯ್ನೋರೆ. ಕೋಲು ಹಾಕ್ಬಿಟ್ಟು ಎತ್ಕೊಂಡೆ. ಎಷ್ಟು ಹಗುರ ಇತ್ತು ಗೊತ್ತಾ.”

“ತೋಳ ಏನ್ ಮಾಡ್ತು?”

“ನಿಂತು ನೋಡ್ತಿತ್ತು. ಆಮ್ಯಾಕೆ ಯಾವಾಗ ಹೋಯ್ತೋ, ನಾನು ನೋಡ್ಲಿಲ್ಲ.”

ರೈಲಿಗೆ ಹೊತ್ತಾಗುತ್ತಿತ್ತು. ಅವನು ಎಂದಿನಂತೆ ಒಬ್ಬನೇ ಹೊರಡಲು ಚಪ್ಪಲಿ ಮೆಟ್ಟಿಕೊಂಡು, ಕೋಲಿಗಾಗಿ ದುರ್ಗಮ್ಮನ ಕಡೆ ನೋಡಿದ. ದುರ್ಗಮ್ಮ ಅಲುಗಲಿಲ್ಲ. ಒಳಗಿನಿಂದ ಕೆಂಚಮ್ಮ ಬಂದಳು. ಕಂಕುಳಲ್ಲಿ ಮಗು, ಹೆಗಲಲ್ಲಿ ಬಟ್ಟೆಗಂಟು, ಕೈಯಲ್ಲಿ ಗಂಡನ ಕೋಲು. ಅದಕ್ಕೆ ಅಂಟಿದ್ದ ಈರುಳ್ಳಿ ಸಿಪ್ಪೆಯನ್ನು ಸೆರಗಿನಲ್ಲಿ ಒರೆಸಿ ಅವನ ಮುಂದೆ ಹಿಡಿದಳು.

“ತಗಾ” ಎಂದಳು. “ಹಗಲಿಗೆ ಬೇಕಲ್ಲ.”

ಅವನು ತಕ್ಷಣ ಕೈ ಚಾಚಲಿಲ್ಲ. ಎದುರು ಮನೆಯ ಮುಂದೆ ಕಟ್ಟಿಹಾಕಿದ್ದ ಎಮ್ಮೆಯ ಕಡೆಗೆ ತಿರುಗಿ, ಅದರ ಬಾಯಿಯನ್ನೇ ನೋಡುತ್ತಾ ನಿಂತ. ಎಮ್ಮೆ ಕಣ್ಣು ಅರೆಮುಚ್ಚಿಕೊಂಡು ಮೆಲುಕು ಹಾಕುತ್ತಿತ್ತು.